ವಿಭಾಗೀಕರಣ: ಸಂಸ್ಥೆಯೊಳಗೆ ಕೆಲಸವನ್ನು ಇಲಾಖೆಗಳಾಗಿ ಹಂಚುವ ಬಗೆಗಳು

ಒಂದು ಸಂಸ್ಥೆಯಲ್ಲಿ ನಡೆಯಬೇಕಾದ ಹತ್ತಾರು ಬಗೆಯ ಕೆಲಸಗಳನ್ನು ಯಾವುದಾದರೊಂದು ಆಧಾರದ ಮೇಲೆ ಗುಂಪು ಮಾಡಿ, ಒಂದೊಂದು ಗುಂಪಿಗೂ ಒಬ್ಬ ಮುಖ್ಯಸ್ಥರನ್ನೂ ಸಿಬ್ಬಂದಿಯನ್ನೂ ಹಣವನ್ನೂ ಗೊತ್ತುಮಾಡುವ ಕ್ರಮಕ್ಕೆ ವಿಭಾಗೀಕರಣ ಎನ್ನುತ್ತಾರೆ. ಹೀಗೆ ಮಾಡಿದ ಗುಂಪುಗಳು ಸರ್ಕಾರದಲ್ಲಿ ಇಲಾಖೆ, ಕಾರ್ಖಾನೆಯಲ್ಲಿ ವಿಭಾಗ, ಬ್ಯಾಂಕಿನಲ್ಲಿ ಶಾಖೆ, ರೈಲ್ವೆಯಲ್ಲಿ ವಲಯ ಎಂದು ಬೇರೆ ಬೇರೆ ಹೆಸರು ಪಡೆಯುತ್ತವೆ. ಹಂಚಿಕೆಗೆ ಮುಖ್ಯವಾಗಿ ಬಳಸುವ ಆಧಾರಗಳು ಇವು: ಕೆಲಸದ ಬಗೆ, ತಯಾರಾಗುವ ವಸ್ತು, ತಯಾರಿಕೆಯ ಹಂತ, ಸ್ಥಳ, ಸೇವೆ ಪಡೆಯುವ ಜನ ಮತ್ತು ಹೊತ್ತು. ದೊಡ್ಡ ಸಂಸ್ಥೆಗಳಲ್ಲಿ ಇವುಗಳಲ್ಲಿ ಒಂದೇ ಆಧಾರ ಮೇಲಿಂದ ಕೆಳಗಿನವರೆಗೆ ಇರುವುದು ಅಪರೂಪ. ಒಂದು ಹಂತದಲ್ಲಿ ಸ್ಥಳದ ಪ್ರಕಾರ ಹಂಚಿದ ಕೆಲಸವನ್ನು ಅದರ ಕೆಳಗಿನ ಹಂತದಲ್ಲಿ ಕೆಲಸದ ಬಗೆಯ ಪ್ರಕಾರ ಹಂಚಿರುತ್ತಾರೆ.

ಯಾವ ಆಧಾರವನ್ನು ಆರಿಸಿಕೊಂಡರೂ ಒಂದು ಲಾಭವೂ ಒಂದು ಹೊರೆಯೂ ಜೊತೆಗೇ ಬರುತ್ತವೆ. ಒಂದೇ ಇಲಾಖೆಯೊಳಗೆ ಇರುವವರು ಮಾತಿನಲ್ಲೇ ಕೆಲಸ ಮುಗಿಸಿಕೊಳ್ಳುತ್ತಾರೆ. ಅದೇ ಕೆಲಸ ಗಡಿ ದಾಟಿ ಇನ್ನೊಂದು ಇಲಾಖೆಗೆ ಹೋಗಬೇಕಾದಾಗ ಪತ್ರ, ಕಡತ, ಸಭೆ, ಮೇಲಧಿಕಾರಿಯ ಸಹಿ ಎಲ್ಲವೂ ಬೇಕಾಗುತ್ತವೆ. ಗಡಿ ಎಲ್ಲಿ ಬೀಳುತ್ತದೆ ಎಂಬುದೇ ಈ ವಿಷಯದ ತಿರುಳು. ಅದು ಎಲ್ಲಿ ಬಿದ್ದರೂ ಅದನ್ನು ದಾಟುವ ಶ್ರಮವನ್ನು ಯಾರೋ ಹೊರಲೇಬೇಕು. ಆ ಶ್ರಮ ಸಂಸ್ಥೆಯ ಒಳಗಿನವರ ಹೆಗಲಿಗೆ ಬಿದ್ದಿದೆಯೇ, ಬಾಗಿಲಿಗೆ ಬಂದ ರೈತನ ಅಥವಾ ಗಿರಾಕಿಯ ಹೆಗಲಿಗೆ ಬಿದ್ದಿದೆಯೇ ಎಂಬುದನ್ನು ನೋಡಿ ವ್ಯವಸ್ಥೆಯ ಒಳಿತು ಕೆಡುಕನ್ನು ಅಳೆಯುವುದು ನ್ಯಾಯ.

ಹಳೆಯ ಮಾದರಿಗಳು

ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣ ಪೂರ್ತಿಯಾಗಿ ಅಧ್ಯಕ್ಷರ ಕೆಲಸಕ್ಕೇ ಮೀಸಲು. ಸುಂಕಕ್ಕೆ ಶುಲ್ಕಾಧ್ಯಕ್ಷ, ನೂಲು ನೇಯ್ಗೆಗೆ ಸೂತ್ರಾಧ್ಯಕ್ಷ, ಹಡಗಿಗೆ ನಾವಧ್ಯಕ್ಷ, ದನಕರುಗಳಿಗೆ ಗೋಧ್ಯಕ್ಷ, ಮದ್ಯಕ್ಕೆ ಸುರಾಧ್ಯಕ್ಷ ಎಂದು ಒಂದೊಂದು ವಿಷಯಕ್ಕೂ ಒಬ್ಬೊಬ್ಬ ಅಧಿಕಾರಿ. ಇದರ ಜೊತೆಗೆ ನಾಡನ್ನು ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಒಬ್ಬ ಸ್ಥಾನಿಕ, ಅವನ ಕೆಳಗೆ ಐದೋ ಹತ್ತೋ ಹಳ್ಳಿಗಳ ಲೆಕ್ಕವಿಡುವ ಗೋಪ ಎಂಬ ಇನ್ನೊಂದು ಏರ್ಪಾಡು. ಅಂದರೆ ವಿಷಯದ ಆಧಾರವೂ ಸ್ಥಳದ ಆಧಾರವೂ ಅಲ್ಲಿ ಅಕ್ಕಪಕ್ಕದಲ್ಲೇ ಇವೆ. ಗ್ರೀಸಿನಲ್ಲಿ ಅರಿಸ್ಟಾಟಲ್ ತನ್ನ ರಾಜಕೀಯ ಗ್ರಂಥದಲ್ಲಿ ಇದೇ ಪ್ರಶ್ನೆಯನ್ನು ಎತ್ತಿದ್ದಾನೆ. ಶಿಸ್ತು ಕಾಯುವ ಕೆಲಸಕ್ಕೆ ಪೇಟೆಗೊಬ್ಬ, ಬೇರೆ ಜಾಗಕ್ಕೊಬ್ಬ ಅಧಿಕಾರಿ ಬೇಕೇ, ಎಲ್ಲ ಕಡೆಗೂ ಒಬ್ಬನೇ ಸಾಕೇ? ಹೆಂಗಸರಿಗೂ ಮಕ್ಕಳಿಗೂ ಪ್ರತ್ಯೇಕ ಅಧಿಕಾರಿ ಇರಬೇಕೇ? ಎರಡು ಸಾವಿರ ವರ್ಷ ಕಳೆದರೂ ಪ್ರಶ್ನೆಯ ರೂಪ ಹೆಚ್ಚು ಬದಲಾಗಿಲ್ಲ.

ಕನ್ನಡ ನಾಡಿನಲ್ಲಿ ಇದರ ಪ್ರಸಿದ್ಧ ಉದಾಹರಣೆ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಹದಿನೆಂಟು ಚಾವಡಿಗಳು. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಮೈಸೂರು ರಾಜ್ಯ ಬೆಳೆದು, ಅರಮನೆಯಿಂದ ನೇರವಾಗಿ ನಡೆಸಲಾಗದಷ್ಟು ಆಡಳಿತ ಕೂಡಿಬಿದ್ದಿತ್ತು. ಆಗ ಕೆಲಸವನ್ನು ಅಠಾರ ಕಚೇರಿಯಾಗಿ, ಅಂದರೆ ಹದಿನೆಂಟು ಕಚೇರಿಗಳಾಗಿ, ವಿಂಗಡಿಸಲಾಯಿತು. ಆ ಪಟ್ಟಿಯನ್ನು ಈಗ ಓದಿದರೂ ಅದರ ಹಿಂದಿನ ಯೋಚನೆ ಕಾಣುತ್ತದೆ. ಸುಂಕದ ಚಾವಡಿ ಮತ್ತು ಖಜಾನೆ ಕೆಲಸದ ಬಗೆಯನ್ನು ಹಿಡಿದವು. ಮೈಸೂರು ಹೋಬಳಿ ವಿಚಾರ ಚಾವಡಿ ಮತ್ತು ಪಟ್ಟಣ ಹೋಬಳಿ ವಿಚಾರ ಚಾವಡಿ ಎಂಬ ಎರಡು ಕಚೇರಿಗಳು ಕಾವೇರಿಯ ದಕ್ಷಿಣ ಮತ್ತು ಉತ್ತರದ ಸೀಮೆಗಳನ್ನು ಹಂಚಿಕೊಂಡವು. ಅವುಗಳ ಆಧಾರ ಸ್ಥಳ. ಅರಮನೆಯ ದನದ ಮಂದೆಗಳನ್ನೂ ಹಾಲು ಬೆಣ್ಣೆಯನ್ನೂ ನೋಡಿಕೊಳ್ಳುತ್ತಿದ್ದ ಬೆಣ್ಣೆ ಚಾವಡಿ ವಸ್ತುವಿನ ಆಧಾರದ್ದು. ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು ಸೇನೆಯ ಸಾಗಣೆ ಎತ್ತುಗಳಿಗೆ ಹೆಸರಾದದ್ದು ಇದೇ ಇಲಾಖೆ. ರಾಜವಂಶ ಬದಲಾದರೂ ಉಳಿದುಬಂದ ಇಲಾಖೆಗಳು ಇತಿಹಾಸದಲ್ಲಿ ಹೆಚ್ಚಿಲ್ಲ. ಬೆಣ್ಣೆ ಚಾವಡಿಗೆ ಅದು ಸಾಧ್ಯವಾಗಲು ಕಾರಣವಿದೆ. ಮೇವಿನ ಕಾವಲು, ತಳಿ, ಗೋವಳರು, ಲೆಕ್ಕ ಎಲ್ಲವೂ ಒಬ್ಬರ ಕೈಯಲ್ಲಿದ್ದು, ಬೇರೆ ಕಚೇರಿಯನ್ನು ಕೇಳಿ ಮಾಡಬೇಕಾದ ಕೆಲಸ ಅದಕ್ಕೆ ಕಡಿಮೆಯಿತ್ತು. ಬೆಂಗಳೂರಿನ ಕಬ್ಬನ್ ಉದ್ಯಾನದ ಅಂಚಿನಲ್ಲಿ 1860ರ ದಶಕದಲ್ಲಿ ಕಟ್ಟಿದ ಕೆಂಪು ಕಟ್ಟಡಕ್ಕೂ ಅಠಾರ ಕಚೇರಿ ಎಂಬ ಹೆಸರೇ ನಿಂತಿತು. ವಿಧಾನಸೌಧ ಸಿದ್ಧವಾಗುವ ತನಕ ಸಚಿವಾಲಯ ಅಲ್ಲಿಯೇ ಇತ್ತು. ಈಗ ಅಲ್ಲಿ ಹೈಕೋರ್ಟ್ ಇದೆ.

ರೈಲು ಹಳಿಯಿಂದ ಹುಟ್ಟಿದ ಶಾಸ್ತ್ರ

ಆಧುನಿಕ ಉದ್ಯಮದಲ್ಲಿ ವಿಭಾಗೀಕರಣ ಗಂಭೀರ ವಿಷಯವಾದದ್ದು ರೈಲ್ವೆಯಿಂದ. 1841ರ ಅಕ್ಟೋಬರ್ 5ರಂದು ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟರ್ನ್ ರೈಲ್‌ರೋಡಿನಲ್ಲಿ ಎದುರುಬದುರು ಬಂದ ಎರಡು ಗಾಡಿಗಳು ಡಿಕ್ಕಿ ಹೊಡೆದು ಜನ ಸತ್ತರು. ಒಂಟಿ ಹಳಿಯ ಮೇಲೆ ಯಾವ ಗಾಡಿ ಯಾವ ಹೊತ್ತಿಗೆ ಎಲ್ಲಿರಬೇಕು ಎಂಬುದಕ್ಕೆ ಸ್ಪಷ್ಟ ಹೊಣೆ ಹೊತ್ತವರು ಇರಲಿಲ್ಲ. ಆ ಮೇಲೆ ಹಾದಿಯನ್ನು ಮೂರು ಭಾಗ ಮಾಡಿ ಒಂದೊಂದಕ್ಕೂ ಮೇಲ್ವಿಚಾರಕರನ್ನು ನೇಮಿಸಿದರು. 1855ರಲ್ಲಿ ಈರಿ ರೈಲ್‌ರೋಡಿನ ಡೇನಿಯಲ್ ಮೆಕಾಲಮ್ ತನ್ನ ಕಂಪನಿಯ ಅಧಿಕಾರದ ಹಂಚಿಕೆಯನ್ನು ಮರದ ಆಕಾರದಲ್ಲಿ ಚಿತ್ರಿಸಿ ಅಚ್ಚು ಹಾಕಿಸಿದ. ನಿರ್ದೇಶಕ ಮಂಡಳಿ ಬೇರಿನಲ್ಲಿ, ವಿಭಾಗಗಳು ಕೊಂಬೆಗಳಾಗಿ, ನಿಲ್ದಾಣದ ನೌಕರರು ರೆಂಬೆ ಎಲೆಗಳಾಗಿ. ಇಂದಿನ ಕಚೇರಿಗಳ ಗೋಡೆಯ ಮೇಲೆ ತೂಗುವ ಸಂಘಟನಾ ನಕ್ಷೆಗಳ ಮೊದಲ ಮಾದರಿಗಳಲ್ಲಿ ಇದೂ ಒಂದು.

ಫ್ರಾನ್ಸಿನ ಗಣಿ ಕಂಪನಿಯೊಂದನ್ನು 1888ರಿಂದ ನಡೆಸಿದ ಹೆನ್ರಿ ಫಯೋಲ್ 1916ರ ತನ್ನ ಬರಹದಲ್ಲಿ ಉದ್ಯಮದ ಕೆಲಸಗಳನ್ನು ತಾಂತ್ರಿಕ, ವಾಣಿಜ್ಯ, ಹಣಕಾಸು, ಭದ್ರತೆ, ಲೆಕ್ಕಪತ್ರ, ಆಡಳಿತ ಎಂದು ಆರು ಬಗೆ ಮಾಡಿದ. ಎರಡು ವರ್ಷದ ನಂತರ, 1918ರಲ್ಲಿ, ಬ್ರಿಟನ್ ಸರ್ಕಾರದ ಇಲಾಖೆಗಳ ಬಗ್ಗೆ ಹಾಲ್ಡೇನ್ ಸಮಿತಿ ವರದಿ ಕೊಟ್ಟಿತು. ಜನವರ್ಗಕ್ಕೊಂದರಂತೆ ಇಲಾಖೆ ಮಾಡಬೇಕೇ, ಸೇವೆಗೊಂದರಂತೆ ಮಾಡಬೇಕೇ ಎಂದು ಯೋಚಿಸಿ ಸಮಿತಿ ಸೇವೆಯ ಆಧಾರವನ್ನು ಆರಿಸಿತು. ಬಡವರಿಗೊಂದು, ಮಕ್ಕಳಿಗೊಂದು, ನಿರುದ್ಯೋಗಿಗಳಿಗೊಂದು ಇಲಾಖೆ ಮಾಡಿದರೆ ಒಂದೊಂದೂ ತನ್ನದೇ ಶಾಲೆ, ತನ್ನದೇ ಆಸ್ಪತ್ರೆ ಕಟ್ಟಿಕೊಂಡು ಆಡಳಿತ ಕುಬ್ಜವಾಗುತ್ತದೆ ಎಂಬುದು ಅದರ ವಾದ. 1937ರಲ್ಲಿ ಅಮೆರಿಕದ ಲೂಥರ್ ಗ್ಯುಲಿಕ್ ಉದ್ದೇಶ, ಪ್ರಕ್ರಿಯೆ, ಜನ, ಸ್ಥಳ ಎಂಬ ನಾಲ್ಕು ಆಧಾರಗಳನ್ನು ಹೆಸರಿಸಿದ. ಪಠ್ಯಪುಸ್ತಕಗಳು ಇಂದಿಗೂ ಈ ವಿಂಗಡಣೆಯನ್ನೇ ಹಿಡಿದು ನಡೆಯುತ್ತವೆ.

ಅದಕ್ಕೆ ಬಲವಾದ ಪೆಟ್ಟು ಕೊಟ್ಟವನು ಹರ್ಬರ್ಟ್ ಸೈಮನ್. 1946ರ ಲೇಖನದಲ್ಲಿ ಆತ ಆಡಳಿತದ ಈ ಸೂತ್ರಗಳು ಗಾದೆಗಳಂತೆ, ಒಂದಕ್ಕೊಂದು ವಿರುದ್ಧವಾದರೂ ಎಲ್ಲವೂ ಸರಿ ಎನಿಸುತ್ತವೆ ಎಂದು ವಾದಿಸಿದ. ಒಂದು ಆರೋಗ್ಯ ಇಲಾಖೆಯನ್ನು ಉದ್ದೇಶದ ಆಧಾರದ್ದು ಎನ್ನಬಹುದು, ವೈದ್ಯವಿದ್ಯೆ ಎಂಬ ಪ್ರಕ್ರಿಯೆಯದ್ದು ಎನ್ನಬಹುದು, ರೋಗಿಗಳೆಂಬ ಜನರದ್ದೂ ಎನ್ನಬಹುದು. ನೋಡುವ ಎತ್ತರ ಬದಲಾದಂತೆ ಆಧಾರವೂ ಬದಲಾಗುತ್ತದೆ. ಈ ಟೀಕೆಗೆ ಇಂದಿಗೂ ಪೂರ್ತಿ ಉತ್ತರ ಸಿಕ್ಕಿಲ್ಲ. ಆದರೂ ವಿಂಗಡಣೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಒಂದೊಂದು ಆಧಾರಕ್ಕೂ ತನ್ನದೇ ಆದ ತೊಂದರೆಯಿದೆ, ಅದನ್ನು ಮೊದಲೇ ಊಹಿಸಬಹುದು.

ಕೆಲಸದ ಬಗೆ ಮತ್ತು ತಯಾರಿಕೆಯ ಹಂತ

ಉತ್ಪಾದನೆ, ಖರೀದಿ, ಮಾರಾಟ, ಹಣಕಾಸು, ಸಿಬ್ಬಂದಿ ಎಂದು ಕೆಲಸದ ಬಗೆಗೆ ತಕ್ಕಂತೆ ಇಲಾಖೆ ಮಾಡುವುದು ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಕ್ರಮ. ಒಂದೇ ವಿದ್ಯೆಯವರು ಒಂದೆಡೆ ಇರುತ್ತಾರೆ, ಕಿರಿಯರು ಹಿರಿಯರಿಂದ ಕಲಿಯುತ್ತಾರೆ, ದುಬಾರಿ ಯಂತ್ರಗಳು ಎರಡೆರಡು ಬೇಕಾಗುವುದಿಲ್ಲ. ಕಷ್ಟವೆಂದರೆ ಅಂತಿಮ ಫಲಕ್ಕೆ ಯಾವ ಒಂದು ಇಲಾಖೆಯೂ ಹೊಣೆಯಲ್ಲ. ತಯಾರಿಕೆಯ ಹಂತದ ಆಧಾರವೂ ಇದರ ನಿಕಟ ಬಂಧು. ಬಟ್ಟೆಯ ಗಿರಣಿಯಲ್ಲಿ ಅರಳೆ ಬಿಡಿಸುವುದು, ಹಿಂಜುವುದು, ನೂಲುವುದು, ನೇಯುವುದು, ಬಣ್ಣ ಹಾಕುವುದು ಒಂದೊಂದೂ ಒಂದೊಂದು ಖಾತೆ.

ಇದನ್ನು ಹತ್ತಿರದಿಂದ ನೋಡಲು ಸಕ್ಕರೆ ಕಾರ್ಖಾನೆಗಿಂತ ಒಳ್ಳೆಯ ಜಾಗವಿಲ್ಲ. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾದಂದಿನಿಂದ ಹಳೆಯ ಮೈಸೂರಿನ ಜನರಿಗೂ, ಆ ಬಳಿಕ ಬೆಳಗಾವಿ ಬಾಗಲಕೋಟೆ ಕಡೆಯವರಿಗೂ ಇದು ಪರಿಚಿತ ಲೋಕ. ಸಕ್ಕರೆ ಕಾರ್ಖಾನೆಯಲ್ಲಿ ಸಾಮಾನ್ಯವಾಗಿ ಮೂರು ದೊಡ್ಡ ವಿಭಾಗಗಳಿರುತ್ತವೆ. ರೈತರೊಂದಿಗೆ ಒಪ್ಪಂದ ಮಾಡಿಕೊಂಡು, ಯಾವ ಹೊಲ ಯಾವಾಗ ಕಡಿಯಬೇಕೆಂದು ಕಟಿಂಗ್ ಆರ್ಡರ್ ಕೊಡುವುದು ಕಬ್ಬಿನ ವಿಭಾಗ. ಗಾಣಗಳನ್ನೂ ಬಾಯ್ಲರ್‌ಗಳನ್ನೂ ನಡೆಸುವುದು ಚೀಫ್ ಎಂಜಿನಿಯರ್ ಕೈಕೆಳಗಿನ ವಿಭಾಗ. ರಸವನ್ನು ತಿಳಿಗೊಳಿಸಿ, ಕುದಿಸಿ, ಹರಳುಗಟ್ಟಿಸಿ ಸಕ್ಕರೆ ಮಾಡುವುದು ಚೀಫ್ ಕೆಮಿಸ್ಟ್ ನೋಡಿಕೊಳ್ಳುವ ಬಾಯ್ಲಿಂಗ್ ಹೌಸ್. ಕಬ್ಬು ಕಡಿದ ಕ್ಷಣದಿಂದ ಅದರಲ್ಲಿನ ಸಕ್ಕರೆಯ ಅಂಶ ಇಳಿಯತೊಡಗುತ್ತದೆ. ಹಾಗಾಗಿ ಕಬ್ಬಿನ ವಿಭಾಗ ಹೆಚ್ಚು ಆರ್ಡರ್ ಬರೆದ ದಿನವೇ ಗಾಣ ಕೆಟ್ಟು ನಿಂತರೆ, ಯಾರ್ಡಿನಲ್ಲಿ ಟ್ರ್ಯಾಕ್ಟರ್‌ಗಳೂ ಗಾಡಿಗಳೂ ಸಾಲುಗಟ್ಟಿ, ಬಿಸಿಲಿನಲ್ಲಿ ಒಣಗುವ ಕಬ್ಬಿನ ನಷ್ಟ ರೈತನಿಗೂ ಕಾರ್ಖಾನೆಗೂ ಬೀಳುತ್ತದೆ.

ಒಳಗಿನ ಲೆಕ್ಕ ಇನ್ನೂ ಸೂಕ್ಷ್ಮ. ಕಬ್ಬಿನಲ್ಲಿ ಬಂದ ಸಕ್ಕರೆಯಲ್ಲಿ ಒಂದಷ್ಟು ಸಿಪ್ಪೆಯಲ್ಲಿ ಉಳಿದು ಹೋಗುತ್ತದೆ, ಒಂದಷ್ಟು ಕಾಕಂಬಿಯಲ್ಲಿ, ಇನ್ನೊಂದಷ್ಟು ಮಡ್ಡಿಯಲ್ಲಿ. ಸಿಪ್ಪೆಯಲ್ಲಿ ಉಳಿದದ್ದು ಎಂಜಿನಿಯರಿಂಗ್ ವಿಭಾಗದ ಖಾತೆಯ ನಷ್ಟ, ಕಾಕಂಬಿಯದು ಕೆಮಿಸ್ಟ್ ಖಾತೆಯದು. ಸಿಪ್ಪೆಯ ನಷ್ಟ ತಗ್ಗಿಸಲು ಗಾಣದ ಮೇಲೆ ಹೆಚ್ಚು ನೀರು ಚಿಮುಕಿಸಿದರೆ ರಸ ಹೆಚ್ಚು ಬಿಡುತ್ತದೆ, ಎಂಜಿನಿಯರಿಂಗ್ ವಿಭಾಗದ ಅಂಕಿ ಚೆನ್ನಾಗಿ ಕಾಣುತ್ತದೆ. ಆ ನೀರನ್ನೆಲ್ಲ ಮತ್ತೆ ಆವಿ ಮಾಡಬೇಕಾದವರು ಬಾಯ್ಲಿಂಗ್ ಹೌಸಿನವರು. ಅದಕ್ಕೆ ಹಬೆ ಬೇಕು. ಹಬೆಗೆ ಉರಿಸಬೇಕಾದದ್ದು ಅದೇ ಸಿಪ್ಪೆ, ಅದು ಒದ್ದೆಯಾಗಿದ್ದರೆ ಸರಿಯಾಗಿ ಉರಿಯದು. ಎರಡು ವಿಭಾಗಗಳೂ ತಮ್ಮ ತಮ್ಮ ಅಂಕಿಯನ್ನಷ್ಟೇ ನೋಡಿಕೊಂಡರೆ ಇಡೀ ಕಾರ್ಖಾನೆಯ ಇಳುವರಿ ಕುಸಿಯುತ್ತದೆ. ಚೆನ್ನಾಗಿ ನಡೆಯುವ ಕಾರ್ಖಾನೆಗಳಲ್ಲಿ ಪ್ರತಿ ಬೆಳಿಗ್ಗೆ ಲ್ಯಾಬ್ ವರದಿ ಹಿಡಿದು ಮೂರೂ ವಿಭಾಗದ ಮುಖ್ಯಸ್ಥರು ಒಟ್ಟಿಗೆ ಕೂರುವುದು ಈ ಕಾರಣಕ್ಕೆ. ಹಂಚಿಕೆಯ ನಕ್ಷೆಯಲ್ಲಿ ಎಲ್ಲಿಯೂ ಕಾಣದ ಆ ಅರ್ಧ ಗಂಟೆಯ ಸಭೆ ಇಲ್ಲದಿದ್ದರೆ ನಕ್ಷೆ ಕೆಲಸ ಮಾಡುವುದಿಲ್ಲ.

ರೈಲ್ವೆಯಲ್ಲೂ ಇದೇ ಕಥೆ. ಒಂದು ಗಾಡಿ ಹೊತ್ತಿಗೆ ಸರಿಯಾಗಿ ಬರಲು ಹಳಿ ನೋಡುವ ಸಿವಿಲ್, ಸಿಗ್ನಲ್ ನೋಡುವ ದೂರಸಂಪರ್ಕ, ಎಂಜಿನ್ ಮತ್ತು ಬೋಗಿಗಳ ಮೆಕ್ಯಾನಿಕಲ್ ಹಾಗೂ ಎಲೆಕ್ಟ್ರಿಕಲ್, ಓಡಾಟ ನೋಡುವ ಆಪರೇಟಿಂಗ್, ಟಿಕೆಟ್ ನೋಡುವ ಕಮರ್ಷಿಯಲ್ ಎಲ್ಲರೂ ಬೇಕು. ಗಾಡಿ ತಡವಾದರೆ ಆ ನಿಮಿಷಗಳನ್ನು ಯಾವ ಇಲಾಖೆಯ ಲೆಕ್ಕಕ್ಕೆ ಬರೆಯಬೇಕೆಂಬ ವಾದ ಶುರುವಾಗುತ್ತದೆ. ಇಲಾಖೆಗಳ ನಡುವಿನ ಈ ಗೋಡೆಗಳನ್ನು ಒಡೆಯಬೇಕೆಂದು ಹಲವು ಸಮಿತಿಗಳು ಹೇಳಿದ ಮೇಲೆ, 2019ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಎಂಟು ಪ್ರತ್ಯೇಕ ಸೇವೆಗಳನ್ನು ಕೂಡಿಸಿ ಭಾರತೀಯ ರೈಲ್ವೆ ಮ್ಯಾನೇಜ್‌ಮೆಂಟ್ ಸೇವೆ ಎಂಬ ಒಂದೇ ಸೇವೆ ಮಾಡಲು ಒಪ್ಪಿತು. ಆದರೆ ಸಿಗ್ನಲ್ ತಿಳಿದವರು ಸಿಗ್ನಲ್ ಕೆಲಸಕ್ಕೆ ಬೇಕೇ ಬೇಕು. 2024ರಲ್ಲಿ ತಾಂತ್ರಿಕ ಹುದ್ದೆಗಳಿಗೆ ಎಂಜಿನಿಯರಿಂಗ್ ಸೇವಾ ಪರೀಕ್ಷೆಯ ದಾರಿಯನ್ನು ಮತ್ತೆ ತೆರೆಯಲಾಯಿತು. ಗೋಡೆ ಒಡೆಯುವುದೂ ವಿದ್ಯೆ ಉಳಿಸುವುದೂ ಒಟ್ಟಿಗೆ ಸಾಗುವುದು ಎಷ್ಟು ಕಠಿಣ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ದೇಶದಲ್ಲಿ ನಡೆದಿಲ್ಲವೆಂದೇ ಹೇಳಬೇಕು.

ವಸ್ತುವಿನ ಆಧಾರ

ಅಮೆರಿಕದ ಡುಪಾಂಟ್ ಕಂಪನಿ ಮೊದಲನೆಯ ಮಹಾಯುದ್ಧದವರೆಗೂ ಮುಖ್ಯವಾಗಿ ಸಿಡಿಮದ್ದು ಮಾಡುತ್ತಿತ್ತು. ಉತ್ಪಾದನೆ, ಮಾರಾಟ, ಖರೀದಿ ಎಂಬ ಇಲಾಖೆಗಳು ಅದಕ್ಕೆ ಸಾಕಾಗಿದ್ದವು. ಯುದ್ಧ ಮುಗಿದು ಬಣ್ಣ, ಕೃತಕ ಚರ್ಮ, ರಂಗುಗಳ ವ್ಯಾಪಾರಕ್ಕೆ ಇಳಿದಾಗ ವಿಚಿತ್ರ ಫಲ ಕಂಡಿತು. ಗೋಡೆ ಬಣ್ಣದ ಮಾರಾಟ ಏರುತ್ತಿತ್ತು, ಜೊತೆಗೆ ನಷ್ಟವೂ ಏರುತ್ತಿತ್ತು. ಸಿಡಿಮದ್ದನ್ನು ಗಣಿ ಕಂಪನಿಗಳಿಗೆ ಟನ್ನುಗಟ್ಟಲೆ ಮಾರಿ ಅಭ್ಯಾಸವಾದ ಮಾರಾಟ ವಿಭಾಗಕ್ಕೆ ಅಂಗಡಿಗೆ ಡಬ್ಬಿ ಡಬ್ಬಿಯಾಗಿ ಬಣ್ಣ ಮಾರುವ ವ್ಯಾಪಾರ ಗೊತ್ತಿರಲಿಲ್ಲ. ನಷ್ಟಕ್ಕೆ ಉತ್ಪಾದನೆಯವರು ಮಾರಾಟದವರನ್ನೂ ಮಾರಾಟದವರು ಉತ್ಪಾದನೆಯವರನ್ನೂ ತೋರಿಸಬಹುದಿತ್ತು. 1921ರಲ್ಲಿ ಕಂಪನಿ ಒಂದೊಂದು ವಸ್ತುವಿಗೂ ಅದರದೇ ತಯಾರಿಕೆ, ಅದರದೇ ಮಾರಾಟ, ಅದರದೇ ಲಾಭನಷ್ಟದ ಲೆಕ್ಕವಿರುವ ವಿಭಾಗ ಮಾಡಿತು. ಅದೇ ದಶಕದಲ್ಲಿ ಜನರಲ್ ಮೋಟರ್ಸ್‌ನ ಆಲ್ಫ್ರೆಡ್ ಸ್ಲೋನ್ ಷೆವ್ರೊಲೆ, ಬ್ಯೂಕ್, ಕ್ಯಾಡಿಲಾಕ್ ಮುಂತಾದ ಕಾರು ವಿಭಾಗಗಳನ್ನು ಬೆಲೆಯ ಮೆಟ್ಟಿಲಿನಂತೆ ಜೋಡಿಸಿ, ಒಂದೊಂದಕ್ಕೂ ಸ್ವಾತಂತ್ರ್ಯ ಕೊಟ್ಟು, ಹಣ ಮತ್ತು ನೀತಿಯನ್ನು ಮಾತ್ರ ಕೇಂದ್ರದಲ್ಲಿ ಇಟ್ಟುಕೊಂಡ. ಇತಿಹಾಸಕಾರ ಆಲ್ಫ್ರೆಡ್ ಚಾಂಡ್ಲರ್ 1962ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬದಲಾವಣೆಯನ್ನೇ ಕುರಿತದ್ದು. ವ್ಯಾಪಾರದ ದಾರಿ ಬದಲಾದಾಗ ಅದರ ಹಿಂದೆ ಸಂಸ್ಥೆಯ ರಚನೆಯೂ ಬದಲಾಗುತ್ತದೆ ಎಂಬುದು ಅವನ ವಾದ.

ಹೊಸ ವಿಭಾಗಗಳು ಗಡಿಯನ್ನು ಅಳಿಸಲಿಲ್ಲ, ಬೇರೆಡೆಗೆ ಸರಿಸಿದವು. ಜನರಲ್ ಮೋಟರ್ಸ್‌ನಲ್ಲಿ 1920ರ ದಶಕದ ಆರಂಭದಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಸಂಶೋಧನಾಲಯ ನೀರಿಲ್ಲದೆ, ತಾಮ್ರದ ರೆಕ್ಕೆಗಳಿಂದ ತಣಿಯುವ ಎಂಜಿನ್ ಒಂದನ್ನು ರೂಪಿಸಿತು. ಅದನ್ನು ತಯಾರಿಸಬೇಕಾದ ಕಾರು ವಿಭಾಗಗಳಿಗೆ ಅದರ ಮೇಲೆ ನಂಬಿಕೆ ಬರಲಿಲ್ಲ. ಪ್ರಯೋಗ ಯಾರದು, ದೋಷ ತಿದ್ದುವ ಹೊಣೆ ಯಾರದು ಎಂಬುದು ಇತ್ಯರ್ಥವಾಗದೆ, 1923ರಲ್ಲಿ ಬಿಡುಗಡೆಯಾದ ಕಾರುಗಳನ್ನು ಕಂಪನಿ ವಾಪಸು ಪಡೆಯಿತು.

ಬೆಂಗಳೂರಿನಲ್ಲಿ 1953ರಲ್ಲಿ ಯಂತ್ರೋಪಕರಣ ಮಾಡಲು ಹುಟ್ಟಿದ ಎಚ್‌ಎಂಟಿ ವಸ್ತುವಿನ ಆಧಾರಕ್ಕೆ ನಮ್ಮ ನಾಡಿನ ಉದಾಹರಣೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಟ್ರ್ಯಾಕ್ಟರ್ ತಯಾರಿಕೆ ಶುರುವಾಯಿತು. ಲೇತ್ ಕೊಳ್ಳುವ ಕಾರ್ಖಾನೆಯವರೂ, ಮದುವೆಗೆ ಗಡಿಯಾರ ಕೊಳ್ಳುವವರೂ, ಟ್ರ್ಯಾಕ್ಟರ್ ಕೊಳ್ಳುವ ರೈತರೂ ಒಂದೇ ಬಗೆಯ ಗಿರಾಕಿಗಳಲ್ಲ. ಶತಮಾನದ ತಿರುವಿನಲ್ಲಿ ಯಂತ್ರೋಪಕರಣಕ್ಕೂ ಗಡಿಯಾರಕ್ಕೂ ಪ್ರತ್ಯೇಕ ಅಂಗಸಂಸ್ಥೆಗಳಾದವು. ಆ ಹೊತ್ತಿಗೆ ಕ್ವಾರ್ಟ್ಜ್ ಗಡಿಯಾರಗಳ ಪೈಪೋಟಿ ಬಹಳ ಮುಂದೆ ಹೋಗಿತ್ತು. ವಿಂಗಡಣೆ ಎಷ್ಟೇ ಸರಿಯಿದ್ದರೂ ತಡವಾಗಿ ಬಂದರೆ ಕೈಹಿಡಿಯುವುದಿಲ್ಲ.

ಸ್ಥಳ, ಜನ, ಹೊತ್ತು

ಜನ ಇರುವಲ್ಲಿಗೆ ಕಚೇರಿಯೇ ಹೋಗಬೇಕಾದ ಕಡೆ ಸ್ಥಳದ ಆಧಾರ ಅನಿವಾರ್ಯ. ಭಾರತೀಯ ಜೀವ ವಿಮಾ ನಿಗಮ 1956ರ ಸೆಪ್ಟೆಂಬರ್ 1ರಂದು 245 ವಿಮಾ ಸಂಸ್ಥೆಗಳು ಮತ್ತು ಪ್ರಾವಿಡೆಂಟ್ ಸೊಸೈಟಿಗಳನ್ನು ಒಳಗೊಂಡು ಆರಂಭವಾದಾಗ 5 ವಲಯ ಕಚೇರಿ, 33 ವಿಭಾಗೀಯ ಕಚೇರಿ, 212 ಶಾಖೆಗಳನ್ನು ಹೊಂದಿತ್ತು. ಮೊದಲು ಪಾಲಿಸಿಯ ಕಾಗದಪತ್ರಗಳು ಇರುತ್ತಿದ್ದುದು ವಿಭಾಗೀಯ ಕಚೇರಿಯಲ್ಲಿ. ವಿಮೆ ಎಂದರೆ ದಶಕಗಟ್ಟಲೆ ನಡೆಯುವ ಸಂಬಂಧ, ವಿಳಾಸ ಬದಲಾವಣೆಗೂ ಸಾಲಕ್ಕೂ ಮೇಲಿನ ಕಚೇರಿಯ ಮುಖ ನೋಡಬೇಕಾದಾಗ ಪಾಲಿಸಿದಾರ ದಣಿಯುತ್ತಾನೆ. ಆ ಕೆಲಸಗಳನ್ನು ಮುಂದೆ ಶಾಖೆಗಳಿಗೇ ಇಳಿಸಲಾಯಿತು. ನಕ್ಷೆಯಲ್ಲಿ ಶಾಖೆ ಎಂಬ ಚೌಕ ಹಾಗೆಯೇ ಉಳಿಯಿತು, ಅದರೊಳಗಿನ ಅಧಿಕಾರ ಮಾತ್ರ ಬದಲಾಯಿತು. ಸ್ಥಳದ ಆಧಾರವನ್ನು ಪರೀಕ್ಷಿಸುವಾಗ ಕಚೇರಿಗಳ ಸಂಖ್ಯೆಗಿಂತ ಅಲ್ಲಿ ಯಾವ ಸಹಿ ಸಿಗುತ್ತದೆ ಎಂಬುದೇ ಮುಖ್ಯ.

ಕರ್ನಾಟಕದ ವಿದ್ಯುತ್ ವ್ಯವಸ್ಥೆಯಲ್ಲಿ ಎರಡು ಆಧಾರಗಳು ಒಂದರ ಮೇಲೊಂದು ಬಂದಿವೆ. 1957ರಲ್ಲಿ ಆರಂಭವಾದ ವಿದ್ಯುಚ್ಛಕ್ತಿ ಮಂಡಳಿಯಿಂದ ಉತ್ಪಾದನೆಯ ಹೊಣೆಗೆ 1970ರಲ್ಲಿ ಪ್ರತ್ಯೇಕ ನಿಗಮ ಬಂತು. 1999ರಲ್ಲಿ ಮಂಡಳಿಯ ಜಾಗದಲ್ಲಿ ಪ್ರಸರಣ ನಿಗಮವಾಯಿತು. 2002ರ ಜೂನ್‌ನಲ್ಲಿ ವಿತರಣೆಯನ್ನು ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಎಂದು ಸ್ಥಳವಾರು ನಾಲ್ಕು ಕಂಪನಿಗಳಿಗೆ ಹಂಚಿದರು. ಚಾಮುಂಡೇಶ್ವರಿ ಕಂಪನಿ ಆಮೇಲೆ ಸೇರಿತು. ಮೊದಲು ಹಂತದ ಪ್ರಕಾರ, ಅದರೊಳಗೆ ಊರಿನ ಪ್ರಕಾರ. ಪಂಪ್‌ಸೆಟ್ ಹೆಚ್ಚಿರುವ ಸೀಮೆಯ ಕಂಪನಿಗೂ ಬೆಂಗಳೂರಿನ ಕಂಪನಿಗೂ ಆದಾಯದಲ್ಲಿ ಅಜಗಜಾಂತರ ಇರುವುದು ಈ ಗಡಿಗಳಿಂದ ಸ್ಪಷ್ಟವಾಗಿ ಹೊರಬಿತ್ತು. ಹಿಂದೆ ಅದು ಮಂಡಳಿಯ ಒಟ್ಟು ಲೆಕ್ಕದಲ್ಲಿ ಕರಗಿಹೋಗುತ್ತಿತ್ತು.

ಜನರ ಆಧಾರದ ಹಂಚಿಕೆ ಬ್ಯಾಂಕುಗಳಲ್ಲಿ ಎದ್ದು ಕಾಣುತ್ತದೆ. ಕೃಷಿಕರಿಗೆ, ಸಣ್ಣ ಉದ್ಯಮಿಗಳಿಗೆ, ದೊಡ್ಡ ಕಂಪನಿಗಳಿಗೆ ಬೇರೆ ಬೇರೆ ವಿಭಾಗ. ಸರ್ಕಾರದಲ್ಲಿ ಸಮಾಜ ಕಲ್ಯಾಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗಳು ಈ ಬಗೆಯವು. ಹಾಲ್ಡೇನ್ ಸಮಿತಿಯ ಎಚ್ಚರಿಕೆಯಲ್ಲಿ ಸತ್ಯವಿದೆ, ವಸತಿ ಶಾಲೆ ಮತ್ತು ಹಾಸ್ಟೆಲುಗಳು ಹಲವು ಇಲಾಖೆಗಳಲ್ಲಿ ಹಂಚಿಹೋಗಿರುವುದನ್ನು ನೋಡಿದವರಿಗೆ ಅದು ಗೊತ್ತು. ಆದರೂ ಇಂಥ ಇಲಾಖೆಗಳನ್ನು ಬೇಡವೆನ್ನುವುದು ತಪ್ಪು. ಶಿಕ್ಷಣ ಇಲಾಖೆಯೊಂದೇ ಇದ್ದಲ್ಲಿ ಎಲ್ಲರಿಗಿಂತ ಹಿಂದೆ ಉಳಿದ ಮಗುವಿನ ಪರವಾಗಿ ಬಜೆಟ್ ಸಭೆಯಲ್ಲಿ ಮಾತನಾಡಲು ಪ್ರತ್ಯೇಕ ದನಿ ಇರುವುದಿಲ್ಲ. ಹೊತ್ತಿನ ಆಧಾರ ಎಂದರೆ ಪಾಳಿ: ಕಾರ್ಖಾನೆ, ಆಸ್ಪತ್ರೆ, ಪೊಲೀಸ್ ಠಾಣೆಗಳಲ್ಲಿ ಇದ್ದೇ ಇದೆ. ಇಲ್ಲಿ ಗಡಿ ಬೀಳುವುದು ಪಾಳಿ ಬದಲಾಗುವ ಹೊತ್ತಿಗೆ. ರಾತ್ರಿಯ ನರ್ಸ್ ಬೆಳಗಿನ ನರ್ಸ್‌ಗೆ ಪ್ರತಿ ಹಾಸಿಗೆಯ ಬಳಿ ನಿಂತು ವಿವರ ಒಪ್ಪಿಸುವ ಪದ್ಧತಿ ಹುಟ್ಟಿದ್ದು ಆ ಗಡಿಯಲ್ಲಿ ಯಾವುದೂ ಸೋರಿಹೋಗದಿರಲಿ ಎಂದು.

ಇಬ್ಬರು ಮೇಲಧಿಕಾರಿಗಳ ವ್ಯವಸ್ಥೆ

ಎರಡು ಆಧಾರಗಳಲ್ಲಿ ಒಂದನ್ನೂ ಬಿಡಲಾಗದಿದ್ದಾಗ ಎರಡನ್ನೂ ಹೆಣೆಯುವ ಮ್ಯಾಟ್ರಿಕ್ಸ್ ರಚನೆ ಹುಟ್ಟಿತು. 1960ರ ದಶಕದ ಅಮೆರಿಕದ ವೈಮಾನಿಕ ಮತ್ತು ಬಾಹ್ಯಾಕಾಶ ಯೋಜನೆಗಳಲ್ಲಿ ಇದು ಬೆಳೆಯಿತು. ಇದರಲ್ಲಿ ಒಬ್ಬ ಎಂಜಿನಿಯರ್ ತನ್ನ ವಿದ್ಯೆಯ ವಿಭಾಗಕ್ಕೂ ತಾನು ಸೇರಿದ ಯೋಜನೆಗೂ ಉತ್ತರ ಹೇಳಬೇಕು. ಭಾರತದಲ್ಲಿ ಇದರ ಗೆಲುವಿನ ಉದಾಹರಣೆ ಇಸ್ರೋ. ಸತೀಶ್ ಧವನ್ 1972ರಲ್ಲಿ ಅಧ್ಯಕ್ಷರಾದ ಮೇಲೆ ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. ರಾಕೆಟ್ಟಿಗೆ ತಿರುವನಂತಪುರ, ಉಪಗ್ರಹಕ್ಕೆ ಬೆಂಗಳೂರು, ಉಡಾವಣೆಗೆ ಶ್ರೀಹರಿಕೋಟ ಎಂದು ಕೇಂದ್ರಗಳು ನಿಂತವು. ಅವುಗಳ ಅಡ್ಡಲಾಗಿ ಎಸ್‌ಎಲ್‌ವಿ-3ರಂಥ ಯೋಜನೆಗಳು. ಯೋಜನಾ ನಿರ್ದೇಶಕರಾಗಿದ್ದ ಎ.ಪಿ.ಜೆ. ಅಬ್ದುಲ್ ಕಲಾಂ ಅವರ ನೇರ ಕೈಕೆಳಗೆ ಇದ್ದವರು ಕೆಲವರೇ. ಇಂಧನ, ನಿಯಂತ್ರಣ, ರಚನೆ ಮುಂತಾದ ಕೆಲಸವನ್ನು ಆಯಾ ತಜ್ಞ ಗುಂಪುಗಳಿಂದ ಮಾಡಿಸಿಕೊಳ್ಳಬೇಕಿತ್ತು. 1980ರ ಜುಲೈ 18ರಂದು ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ಉಡಾವಣೆಯ ದಿನ ಒಂದೇ, ಗುರಿ ಒಂದೇ ಎಂಬ ಸ್ಪಷ್ಟತೆ ಈ ವ್ಯವಸ್ಥೆಯನ್ನು ಕಾಪಾಡುತ್ತದೆ.

ಆ ಸ್ಪಷ್ಟತೆ ಇಲ್ಲದಲ್ಲಿ ಮ್ಯಾಟ್ರಿಕ್ಸ್ ಬಳಲಿಸುತ್ತದೆ. 1988ರಲ್ಲಿ ಸ್ವೀಡನ್ನಿನ ಆಸೆಯಾ ಮತ್ತು ಸ್ವಿಟ್ಜರ್ಲೆಂಡಿನ ಬ್ರೌನ್ ಬೊವೆರಿ ಸೇರಿ ಎಬಿಬಿಯಾದಾಗ, ಪರ್ಸಿ ಬಾರ್ನೆವಿಕ್ ವಸ್ತು ಮತ್ತು ದೇಶ ಎರಡೂ ಆಧಾರಗಳನ್ನು ಹೆಣೆದ ರಚನೆ ಜಗತ್ತಿನ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲೆಲ್ಲ ಪಾಠವಾಯಿತು. ಹತ್ತು ವರ್ಷದ ಬಳಿಕ, 1998ರಲ್ಲಿ, ಅದರ ಪ್ರಾದೇಶಿಕ ಪದರವನ್ನು ಕಂಪನಿಯೇ ಕಿತ್ತುಹಾಕಿತು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಬ್ಯಾಂಕಿಂಗ್, ರಿಟೇಲ್ ಎಂಬ ವರ್ಟಿಕಲ್‌ಗಳೂ ಟೆಸ್ಟಿಂಗ್, ಕ್ಲೌಡ್ ಎಂಬ ಹೊರಿಜಾಂಟಲ್‌ಗಳೂ ಇದೇ ಹೆಣಿಗೆಯವು. ವರ್ಷದ ಅಪ್ರೈಸಲ್ ಬಂದಾಗ ತನ್ನ ಕೆಲಸ ಬಲ್ಲ ಮ್ಯಾನೇಜರ್ ಒಬ್ಬರು, ರೇಟಿಂಗ್ ಬರೆಯುವವರು ಇನ್ನೊಬ್ಬರು ಎಂದು ನೌಕರರು ಪಡುವ ಸಂಕಟ ಈ ರಚನೆಯ ನಿಜವಾದ ಬೆಲೆ.

ಆಯ್ಕೆಯ ವಿಚಾರ

1967ರಲ್ಲಿ ಎರಡು ಮುಖ್ಯ ಪುಸ್ತಕಗಳು ಬಂದವು. ಪಾಲ್ ಲಾರೆನ್ಸ್ ಮತ್ತು ಜೇ ಲಾರ್ಶ್ ಪ್ಲಾಸ್ಟಿಕ್, ಆಹಾರ, ಡಬ್ಬಿ ತಯಾರಿಕೆ ಉದ್ಯಮಗಳನ್ನು ಹೋಲಿಸಿ ನೋಡಿದರು. ಬೇಗ ಬದಲಾಗುವ ಉದ್ಯಮದಲ್ಲಿ ಇಲಾಖೆಗಳು ಪರಸ್ಪರ ಬಹಳ ಭಿನ್ನವಾಗಿರಬೇಕು, ಜೊತೆಗೆ ಅವನ್ನು ಬೆಸೆಯುವ ಏರ್ಪಾಡೂ ಅಷ್ಟೇ ಬಲವಾಗಿರಬೇಕು ಎಂದು ಕಂಡುಕೊಂಡರು. ಜೇಮ್ಸ್ ಥಾಂಪ್ಸನ್ ಇನ್ನೂ ಸರಳವಾದ ದಾರಿ ತೋರಿಸಿದ. ಘಟಕಗಳ ನಡುವಿನ ಅವಲಂಬನೆ ಮೂರು ಬಗೆ. ಒಂದು ಬ್ಯಾಂಕಿನ ಎರಡು ಶಾಖೆಗಳಂತೆ ಒಂದೇ ನಿಧಿಯನ್ನಷ್ಟೇ ಹಂಚಿಕೊಳ್ಳುವುದು, ಅರಳೆ ನೂಲಾಗಿ ಬಟ್ಟೆಯಾಗುವಂತೆ ಒಂದರ ಫಲ ಇನ್ನೊಂದಕ್ಕೆ ಹೋಗುವುದು, ಗಾಣ ಮತ್ತು ಬಾಯ್ಲಿಂಗ್ ಹೌಸಿನಂತೆ ಎರಡೂ ಕಡೆಯಿಂದ ಪ್ರಭಾವ ಹರಿಯುವುದು. ಮೂರನೆಯ ಬಗೆಯವನ್ನು ಮೊದಲು ಒಂದೇ ಸೂರಿನಡಿ ತರಬೇಕು, ಆಮೇಲೆ ಎರಡನೆಯದು, ಕೊನೆಗೆ ಮೊದಲನೆಯದು. ಇಡೀ ಸಾಹಿತ್ಯದಲ್ಲಿ ಕೆಲಸಕ್ಕೆ ಬರುವ ಸೂತ್ರ ಒಂದನ್ನು ಆರಿಸಿ ಎಂದರೆ ಇದನ್ನೇ ಆರಿಸಬೇಕು. ಮರುವರ್ಷ, 1968ರಲ್ಲಿ, ಮೆಲ್ವಿನ್ ಕಾನ್ವೇ ಕಂಪ್ಯೂಟರ್ ಲೋಕಕ್ಕೆ ಒಂದು ಮಾತು ಸೇರಿಸಿದ: ಸಂಸ್ಥೆಯೊಂದು ರೂಪಿಸುವ ಯಾವ ವ್ಯವಸ್ಥೆಯಲ್ಲೂ ಆ ಸಂಸ್ಥೆಯ ಒಳಗಿನ ಸಂವಹನದ ಆಕಾರವೇ ಮೂಡುತ್ತದೆ. ಮೂರು ತಂಡ ಕೂತು ಒಂದು ಜಾಲತಾಣ ಮಾಡಿದರೆ ಅದರಲ್ಲಿ ಮೂರು ಕಡೆ ಲಾಗಿನ್ ಕೇಳುವುದು ಇದರಿಂದಲೇ.

ಥಾಂಪ್ಸನ್ ಸೂತ್ರವನ್ನು ಕರ್ನಾಟಕದ ಜಮೀನು ವ್ಯವಹಾರಕ್ಕೆ ಹಚ್ಚಿ ನೋಡಬಹುದು. ಎರಡು ಎಕರೆ ಜಮೀನಿನಲ್ಲಿ ಅರ್ಧ ಎಕರೆ ಮಾರಬೇಕಾದ ರೈತ ಮೊದಲು ಮಾರುವ ಭಾಗವನ್ನು ಗುರುತಿಸುವ 11ಇ ನಕ್ಷೆಗೆ ಅರ್ಜಿ ಹಾಕಬೇಕು, ಅದು ಭೂಮಾಪನ ಇಲಾಖೆಯ ಮೋಜಿಣಿ ವ್ಯವಸ್ಥೆ. ನಕ್ಷೆ ಬಂದ ಮೇಲೆ ಕ್ರಯಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಅದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ವ್ಯವಸ್ಥೆ. ನೋಂದಣಿಯ ನಂತರ ಪಹಣಿಯಲ್ಲಿ ಹೆಸರು ಬದಲಾಗಬೇಕಾದದ್ದು ತಾಲ್ಲೂಕು ಕಚೇರಿಯ ಭೂಮಿ ವ್ಯವಸ್ಥೆಯಲ್ಲಿ. ಅಳತೆ, ದಸ್ತಾವೇಜು, ಹಕ್ಕಿನ ದಾಖಲೆ ಎಂಬ ಮೂರು ಹಂತಕ್ಕೆ ಮೂರು ಕಚೇರಿ. ಮೂರೂ ಕಂದಾಯ ಇಲಾಖೆಯ ಆಡಳಿತದ ಅಡಿಯಲ್ಲೇ ಇದ್ದರೂ ನೌಕರವರ್ಗ, ತರಬೇತಿ, ದಾಖಲೆಯ ಸಂಪ್ರದಾಯ ಬೇರೆ ಬೇರೆ. ಹಿಂದೆ ಈ ಮೂರರ ನಡುವೆ ಕಾಗದ ಹೊತ್ತು ಓಡಾಡಿದವನು ರೈತ. ನೋಂದಣಿಯಾಗಿಯೂ ಹಲವು ವರ್ಷ ಖಾತೆ ಬದಲಾಗದೆ, ಹಳೆಯ ಮಾಲೀಕ ಅದೇ ಜಮೀನನ್ನು ಇನ್ನೊಬ್ಬರಿಗೆ ಮಾರಿದ ಪ್ರಕರಣಗಳಿಂದ ಸಿವಿಲ್ ನ್ಯಾಯಾಲಯಗಳು ತುಂಬಿದವು.

ಪರಿಹಾರವಾಗಿ ಮೂರು ಇಲಾಖೆಗಳನ್ನು ಒಂದು ಮಾಡಲಿಲ್ಲ. ಅಳತೆಯ ವಿದ್ಯೆ ಬೇರೆ, ದಸ್ತಾವೇಜಿನ ಕಾನೂನು ಬೇರೆ, ಆ ಬೇರೆತನಕ್ಕೆ ಅರ್ಥವಿದೆ. ಅದರ ಬದಲು ಮೂರರ ನಡುವೆ ಮಾಹಿತಿ ತಾನಾಗಿ ಹರಿಯುವ ದಾರಿ ಮಾಡಿದರು. ಭಾಗಶಃ ಮಾರಾಟಕ್ಕೆ ನಕ್ಷೆ ಇಲ್ಲದೆ ನೋಂದಣಿ ಆಗದಂತೆ ಬಿಗಿ ಮಾಡಿದರು. ನೋಂದಣಿಯಾದ ಕೂಡಲೇ ಅದರ ವಿವರವಿರುವ ಜೆ ಸ್ಲಿಪ್ ಭೂಮಿ ವ್ಯವಸ್ಥೆಗೆ ಹೋಗಿ, ಹೆಸರು ಬದಲಾವಣೆಯ (ಮ್ಯುಟೇಶನ್) ಅರ್ಜಿಯನ್ನು ಕೊಂಡವರು ಬೇರೆ ಹಾಕಬೇಕಿಲ್ಲದಂತಾಯಿತು. ಆಕ್ಷೇಪಣೆಯ ಅವಧಿ ಮುಗಿದ ಮೇಲೆ ಪಹಣಿಯಲ್ಲಿ ಹೊಸ ಹೆಸರು ಬರುತ್ತದೆ. ಬಾಗಿಲಿನ ಕಡೆಯಿಂದಲೂ ಇದೇ ಪ್ರಯತ್ನ ನಡೆದಿದೆ. ಬೆಂಗಳೂರು ಒನ್ ಕೇಂದ್ರಗಳಲ್ಲಿ ಹಲವು ಸಂಸ್ಥೆಗಳ ಬಿಲ್ಲುಗಳನ್ನು ಒಂದೇ ಕೌಂಟರಿನಲ್ಲಿ ಕಟ್ಟಬಹುದು, ನಾಡಕಚೇರಿಗಳು ಹಳ್ಳಿಯ ಹತ್ತಿರಕ್ಕೆ ಪ್ರಮಾಣಪತ್ರಗಳನ್ನು ತಂದಿವೆ, 2011ರ ಸಕಾಲ ಕಾಯ್ದೆ ಒಂದೊಂದು ಸೇವೆಗೂ ದಿನದ ಗಡುವು ಹಾಕಿದೆ. ಹಿಂದಿನ ಕೋಣೆಯಲ್ಲಿ ಇಲಾಖೆಗಳು ಬೇರೆ ಬೇರೆಯಾಗಿಯೇ ಇವೆ. ನಕ್ಷೆಯಲ್ಲಿನ ಅಳತೆಯೂ ಪಹಣಿಯ ವಿಸ್ತೀರ್ಣವೂ ಹೊಂದದೆ ಇದ್ದಾಗ ಕಂಪ್ಯೂಟರ್ ಅರ್ಜಿಯನ್ನು ತಡೆದು ನಿಲ್ಲಿಸುತ್ತದೆ. ಆಗ ಸರ್ವೆಯರ್ ಮತ್ತು ಕಂದಾಯ ನಿರೀಕ್ಷಕರು ಹೊಲಕ್ಕೇ ಬಂದು, ಬದುವಿನ ಎರಡೂ ಬದಿಯ ಮಾಲೀಕರನ್ನು ಕರೆಸಿ, ಚೈನು ಹಿಡಿದು ಮತ್ತೆ ಅಳೆಯಬೇಕಾಗುತ್ತದೆ.